ನಿಪ್ಪಾನ್ ಹೂದಾನಿ ಕೊಳ್ಳುವ ಮುನ್ನ: ತಳದ ಮುದ್ರೆಯನ್ನು ಕೊನೆಗೆ ನೋಡಿ

ಹಳೆ ಪಿಂಗಾಣಿ ಮಾರುವ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸ ಒಂದೇ. ಹೂದಾನಿ ಕೈಗೆತ್ತಿಕೊಂಡು, ತಲೆಕೆಳಗು ಮಾಡಿ, ತಳದಲ್ಲಿ ಏನು ಬರೆದಿದೆ ಅಂತ ನೋಡುವುದು. ಅಂಗಡಿಯವರಿಗೆ ಇದು ಗೊತ್ತು. ನಕಲಿ ಮಾಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಎಲ್ಲಕ್ಕಿಂತ ಮೊದಲು ನಕಲು ಮಾಡುವುದು ಆ ಮುದ್ರೆಯನ್ನು. ಒಳ್ಳೆ ಮಣ್ಣು, ಕುಂಚದ ಕೆಲಸ, ಚಿನ್ನದ ಕೆಲಸ ನಕಲು ಮಾಡುವುದು ಕಷ್ಟ, ಖರ್ಚೂ ಜಾಸ್ತಿ. ಹಾಗಾಗಿ ನಾನು ಹೇಳುವ ಕ್ರಮ ಉಲ್ಟಾ. ಮೊದಲು ಮೈ, ಆಮೇಲೆ ಚಿತ್ರ, ಆಮೇಲೆ ಚಿನ್ನ, ಆಮೇಲೆ ಒಡಕು ಬಿರುಕುಗಳು. ಮುದ್ರೆ ಕೊನೆಗೆ.

ಉದಾಹರಣೆಗೆ ಆರಿಸಿಕೊಂಡಿರುವುದು ಸಂಗ್ರಹಕಾರರು 'ನಿಪ್ಪಾನ್' ಅಂತ ಕರೆಯುವ ಹೂದಾನಿಗಳನ್ನು. 1891ರಿಂದ 1921ರವರೆಗೆ ಜಪಾನಿನಲ್ಲಿ, ಮುಖ್ಯವಾಗಿ ಅಮೆರಿಕಕ್ಕೆ ಕಳಿಸಲು ತಯಾರಾದ ಪಿಂಗಾಣಿ ಇದು. ಹೊಸದಾಗಿ ಸಂಗ್ರಹ ಶುರು ಮಾಡುವವರು ಇಲ್ಲಿಂದಲೇ ಶುರು ಮಾಡಲಿ ಅನ್ನುತ್ತೇನೆ. ಕಾಲ ಖಚಿತವಾಗಿ ಗೊತ್ತಿದೆ. ಮಾಲು ಇನ್ನೂ ಸಾಕಷ್ಟು ಸಿಗುತ್ತದೆ. ಕೆಲಸಗಾರರ ಕೈಯೂ ಎದ್ದು ಕಾಣುತ್ತದೆ. ಚೀನಾದ ಹಳೆ ಪಿಂಗಾಣಿಗೆ ಮೊದಲೇ ಕೈಹಾಕುವುದು ಬೇಡ. ಅಲ್ಲಿ ಕಾಂಗ್‌ಶಿ ದೊರೆಯ ಕಾಲದ ಕುಂಬಾರರೇ ತಮಗಿಂತ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ದೊರೆಯ ಮುದ್ರೆ ಹಾಕುತ್ತಿದ್ದರು. ಮುದ್ರೆ ನಂಬಿ ಕಾಲ ಹೇಳಲು ಹೋದರೆ ಅಲ್ಲಿ ದಾರಿ ತಪ್ಪುವುದು ಖಂಡಿತ.

ಸ್ವಲ್ಪ ಹಿನ್ನೆಲೆ

1890ರಲ್ಲಿ ಅಮೆರಿಕ ಮೆಕಿನ್ಲಿ ಸುಂಕ ಕಾಯ್ದೆ ತಂದಿತು. ಹೊರಗಿನಿಂದ ಬರುವ ಮಾಲಿನ ಮೇಲೆ ಅದು ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಇರಲೇಬೇಕು ಅಂತ ಅದರಲ್ಲಿತ್ತು. ಈ ನಿಯಮ 1891ರ ಮಾರ್ಚ್‌ನಿಂದ ಜಾರಿಗೆ ಬಂತು. ಜಪಾನಿನವರು ತಮ್ಮ ದೇಶದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ 'ನಿಪ್ಪಾನ್' ಎಂದು ಬರೆದು ಕಳಿಸಿದರು. ಮೂವತ್ತು ವರ್ಷ ಹೀಗೇ ನಡೆಯಿತು. 1921ರಲ್ಲಿ ಅಮೆರಿಕದ ಸುಂಕ ಇಲಾಖೆ ಇದು ಇಂಗ್ಲಿಷ್ ಪದವಲ್ಲ, ಇನ್ನು ಮುಂದೆ 'ಜಪಾನ್' ಅಂತಲೇ ಇರಬೇಕು ಅಂದಿತು. ಹಾಗಾಗಿ ಅಸಲಿ ಹೂದಾನಿಯ ತಳದಲ್ಲಿ ನಿಪ್ಪಾನ್ ಅಂತ ಇದ್ದರೆ ಅದು ಆ ಮೂವತ್ತು ವರ್ಷದ ಒಳಗಿನದು.

ನಿಪ್ಪಾನ್ ಅನ್ನುವುದು ಒಂದು ಕಂಪನಿಯ ಹೆಸರಲ್ಲ, ಇದನ್ನು ನೆನಪಿಡಿ. ಹಲವು ಕಾರ್ಖಾನೆಗಳು, ಚಿತ್ರ ಬರೆಯುವ ಎಷ್ಟೋ ಸಣ್ಣ ಮನೆಗಳು ಇದರ ಹಿಂದಿದ್ದವು. ಅವುಗಳಲ್ಲಿ ದೊಡ್ಡ ಹೆಸರು ಮೊರಿಮುರಾ ಸೋದರರದ್ದು. 1876ರಲ್ಲಿ ಟೋಕಿಯೊದಲ್ಲಿ ರಫ್ತು ವ್ಯಾಪಾರ ಶುರು ಮಾಡಿದ ಇವರು ನ್ಯೂಯಾರ್ಕಿನಲ್ಲೂ ಅಂಗಡಿ ತೆರೆದರು. 1904ರಲ್ಲಿ ಈಗ ನಗೋಯಾ ನಗರಕ್ಕೆ ಸೇರಿರುವ ನೊರಿಟಾಕೆ ಎಂಬ ಜಾಗದಲ್ಲಿ ತಮ್ಮದೇ ಪಿಂಗಾಣಿ ಕಂಪನಿ ಕಟ್ಟಿದರು. ಇವತ್ತಿನ ನೊರಿಟಾಕೆ ಕಂಪನಿ ಅದೇ. ಅದೇ ಬಳಗದಿಂದಲೇ 1917ರಲ್ಲಿ ಶೌಚಾಲಯದ ಸಾಮಾನು ಮಾಡುವ ಟೋಟೊ, 1936ರಲ್ಲಿ ಎನ್‌ಜಿಕೆ ಸ್ಪಾರ್ಕ್ ಪ್ಲಗ್ ಹುಟ್ಟಿದವು. ನಿಮ್ಮ ಬೈಕಿನ ಪ್ಲಗ್ಗಿನ ಬಿಳಿ ಭಾಗವೂ ಪಿಂಗಾಣಿ ಜಾತಿಯದ್ದೇ, ಅಲ್ವಾ?

ಜೇಬಿನಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಒಂದು ಪುಟ್ಟ ಟಾರ್ಚ್, ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್, ಅಳತೆ ಟೇಪು. ಇಷ್ಟು ಸಾಕು. ಕೈಯ ಉಂಗುರ, ಬಳೆ ಬಿಚ್ಚಿಡಿ. ಬಟ್ಟೆಯ ಗ್ಲೌಸ್ ಹಾಕಬೇಡಿ, ನುಣುಪಾದ ಪಿಂಗಾಣಿ ಅದರಲ್ಲಿ ಜಾರುತ್ತದೆ. ತೊಳೆದು ಒರೆಸಿದ ಬರಿಗೈಯೇ ಒಳ್ಳೆಯದು. ಎತ್ತುವಾಗ ಒಂದು ಕೈ ತಳಕ್ಕೆ, ಇನ್ನೊಂದು ಹೊಟ್ಟೆಗೆ. ಹಿಡಿಕೆಯಿಂದ ಎತ್ತಲೇಬೇಡಿ. ಈ ಹೂದಾನಿಗಳ ಹಿಡಿಕೆಗಳನ್ನು ಅಂದಕ್ಕೆ ಅಂತ ಅಂಟಿಸಿರುತ್ತಾರೆ. ಹಿಂದೆ ಎಂದಾದರೂ ಮುರಿದು ಮತ್ತೆ ಅಂಟಿಸಿದ್ದರೆ ಅದು ನಿಮ್ಮ ಕೈಯಲ್ಲೇ ಕಳಚಿಕೊಳ್ಳಬಹುದು.

ಮೊದಲ ಹೆಜ್ಜೆ: ಮೈ

ಪಿಂಗಾಣಿ ಹೌದೋ ಅಲ್ಲವೋ ಅಂತ ತಿಳಿಯಲು ಟಾರ್ಚನ್ನು ಹೂದಾನಿಯ ಬಾಯಿಯೊಳಗೆ ಹಿಡಿಯಿರಿ. ಬಣ್ಣ ದಪ್ಪವಾಗಿಲ್ಲದ ಕಡೆ ಬೆಳಕು ಮೈಯಿಂದ ಹೊರಗೆ ಹಾಯಬೇಕು. ಒಳ್ಳೆ ಪಿಂಗಾಣಿಯನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆ ಶಾಖಕ್ಕೆ ಬಿಳಿ ಮಣ್ಣಿನ ಜೊತೆ ಬೆರೆಸಿದ ಕಲ್ಲಿನ ಪುಡಿ ಕರಗಿ ಗಾಜಿನಂತಾಗಿ ಮಣ್ಣಿನ ಕಣಗಳ ನಡುವಿನ ಸಂದನ್ನು ತುಂಬುತ್ತದೆ. ಬೆಳಕು ಹಾಯುವುದು ಅದರಿಂದ. ಮಾಮೂಲಿ ಮಣ್ಣಿನ ಪಾತ್ರೆಗೆ ಬಿಳಿ ಹೊಳಪು, ಅಂದರೆ ಮೈಮೇಲೆ ಹಚ್ಚಿ ಸುಡುವ ಗಾಜಿನಂಥ ಲೇಪ (ಗ್ಲೇಜ್) ಕೊಟ್ಟಿದ್ದರೆ ಬೆಳಕು ಹಾಯುವುದಿಲ್ಲ.

ಆಮೇಲೆ ತೂಕ ನೋಡಿ. ಅಸಲಿ ನಿಪ್ಪಾನ್ ಹೂದಾನಿಯ ಗೋಡೆ ಸಾಮಾನ್ಯವಾಗಿ ತೆಳು, ಒಳಮೈ ನುಣುಪು. ನಕಲಿಗಳಲ್ಲಿ ಗೋಡೆ ದಪ್ಪ, ಮೈ ಭಾರ. ಬೆರಳು ಒಳಗೆ ಹಾಕಿದರೆ ಎಷ್ಟೋ ಸಲ ಸೀಮೆಸುಣ್ಣ ಮುಟ್ಟಿದ ಹಾಗೆ ತರಿತರಿ. ಹೊಳಪು ಇರುವುದಿಲ್ಲ, ಅಥವಾ ಬಾಯಿಯ ಹತ್ತಿರ ಮಾತ್ರ ಇರುತ್ತದೆ. ಇನ್ನು ತಳದ ಅಂಚು, ಅಂದರೆ ಹೂದಾನಿ ನಿಲ್ಲುವ ಉಂಗುರ. ನೂರು ವರ್ಷ ಕಪಾಟಿನಲ್ಲಿ, ಮೇಜಿನ ಮೇಲೆ ಜರುಗಿದ ಹೂದಾನಿಯ ಆ ಉಂಗುರದಲ್ಲಿ ಬೂದುಬಣ್ಣದ ಸವೆತ ಇರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನೆ ಇರುವುದಿಲ್ಲ. ಉಪ್ಪುಕಾಗದ ಹಾಕಿ ಉಜ್ಜಿ ಹಳೆಯದಾಗಿ ತೋರಿಸಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಭೂತಗನ್ನಡಿ ಇಟ್ಟರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಎರಡನೆಯದು: ಚಿತ್ರ

ಈ ಹಂತದಲ್ಲಿ ಅವಸರ ಬೇಡ. ನಿಪ್ಪಾನ್ ಹೂದಾನಿಯ ನಿಜವಾದ ಬೆಲೆ ಇಲ್ಲಿರುವುದು.

ಒಂದು ಗುಲಾಬಿ ಹೂವನ್ನೇ ತೆಗೆದುಕೊಳ್ಳಿ. ಇವುಗಳ ಮೇಲೆ ಗುಲಾಬಿ ಬಹಳ ಸಾಮಾನ್ಯ. ಒಂದೇ ಒಂದು ಎಸಳಿನ ಮೇಲೆ ಭೂತಗನ್ನಡಿ ಇಟ್ಟು ನೋಡಿ. ಕೈಯಲ್ಲಿ ಬರೆದದ್ದಾದರೆ ಕುಂಚ ಊರಿದ ಕಡೆ ಬಣ್ಣ ದಟ್ಟ, ಎತ್ತಿದ ಕಡೆ ತೆಳು. ಕುಂಚದ ಕೂದಲು ಬಿಟ್ಟುಹೋದ ಸಣ್ಣ ಗೆರೆಗಳು ಕಾಣುತ್ತವೆ. ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು ಹಚ್ಚಿದ ಅಂಚು ಕಾಣುತ್ತದೆ. ಹೂದಾನಿಯ ಹಿಂಬದಿಗೆ ತಿರುಗಿಸಿ ಅದೇ ಹೂವನ್ನು ಹುಡುಕಿ. ಎರಡೂ ಒಂದೇ ಅಳತೆ, ಒಂದೇ ವಾಲು, ಒಂದೇ ನೆರಳು ಇದ್ದರೆ ಅದು ಕೈಕೆಲಸ ಆಗಿರಲಾರದು.

ಅಚ್ಚಿನ ಚಿತ್ರ ಅಂಟಿಸಿದ್ದಾದರೆ ಚುಕ್ಕಿಗಳು ಕಾಣುತ್ತವೆ. ಆದರೆ ಚುಕ್ಕಿ ಕಂಡ ತಕ್ಷಣ ನಕಲಿ ಅಂದುಬಿಡಬೇಡಿ. ಅಸಲಿ ನಿಪ್ಪಾನ್‌ನಲ್ಲೂ ಹೆಂಗಸರ ಮುಖಚಿತ್ರವಿರುವ ಹೂದಾನಿಗಳಲ್ಲಿ ಮುಖವನ್ನು ಸಾಮಾನ್ಯವಾಗಿ ಅಚ್ಚಿನಿಂದಲೇ ಹಾಕಿ, ಸುತ್ತಲಿನ ಚಿನ್ನ, ಹೂಬಳ್ಳಿಗಳನ್ನು ಕೈಯಲ್ಲಿ ತುಂಬಿದ್ದಾರೆ. ನೋಡಬೇಕಾದ್ದು ಚುಕ್ಕಿಗಳ ಜೋಡಣೆ. ಹಳೆ ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಇಳಿಸುವ ಮುದ್ರಣ) ಚುಕ್ಕಿಗಳು ಅಡ್ಡಾದಿಡ್ಡಿ, ಒಂದು ಸಣ್ಣದು ಒಂದು ದೊಡ್ಡದು. ಈಗಿನ ಮುದ್ರಣದ ಚುಕ್ಕಿಗಳು ಸಾಲು ಹಿಡಿದು, ಅಳೆದಿಟ್ಟ ಹಾಗೆ ನಿಂತಿರುತ್ತವೆ. ದಿನಪತ್ರಿಕೆಯ ಬಣ್ಣದ ಫೋಟೋ ಮೇಲೆ ಅದೇ ಭೂತಗನ್ನಡಿ ಇಟ್ಟು ಒಮ್ಮೆ ನೋಡಿಕೊಂಡರೆ ಕಣ್ಣಿಗೆ ಅಭ್ಯಾಸವಾಗುತ್ತದೆ.

ಬರೀ ಬಣ್ಣವಲ್ಲದೆ ಬೇರೆ ಬಗೆಯ ಕೆಲಸಗಳೂ ಇವೆ. ಸಂಗ್ರಹಕಾರರು ಹೆಚ್ಚು ಹುಡುಕುವುದು ಇವನ್ನೇ. 'ಮೊರಿಯಾಗೆ' ಅನ್ನುವುದು ತೆಳುವಾಗಿ ಕಲಸಿದ ಮಣ್ಣನ್ನು ಮೆಹಂದಿ ಕೋನ್‌ನಿಂದ ಬಿಡಿಸುವ ಹಾಗೆ ಹೊಳಪಿನ ಮೇಲೆ ಉಬ್ಬಾಗಿ ಎಳೆಯುವ ಕೆಲಸ. ಡ್ರ್ಯಾಗನ್ನಿನ ಚಿಪ್ಪು, ಮರದ ಕೊಂಬೆ ಎಲ್ಲ ಹೀಗೆ ಎದ್ದು ನಿಲ್ಲುತ್ತವೆ. ಬೆರಳ ತುದಿಯಿಂದ ಮೆಲ್ಲಗೆ ಸವರಿ, ಒಂದೊಂದು ಚಿಪ್ಪಿನ ಎತ್ತರವೂ ಸ್ವಲ್ಪ ಬೇರೆ ಬೇರೆ ಇರಬೇಕು. ಹಾಗೆಯೇ ಎಲ್ಲಿ ಉದುರಿದೆ ಅಂತಲೂ ನೋಡಿ, ಏಕೆಂದರೆ ಮೊರಿಯಾಗೆ ಬೇಗ ಚೆಕ್ಕೆ ಏಳುತ್ತದೆ. 'ಟ್ಯಾಪೆಸ್ಟ್ರಿ' ಎಂಬ ಬಗೆಯಲ್ಲಿ ಹಸಿ ಹೂದಾನಿಗೆ ಒದ್ದೆ ಬಟ್ಟೆ ಸುತ್ತಿ ಆವಿಗೆಗೆ ಇಡುತ್ತಿದ್ದರು. ಬಟ್ಟೆ ಸುಟ್ಟುಹೋಗಿ ನೇಯ್ಗೆಯ ಗುರುತು ಮೈಮೇಲೆ ಉಳಿಯುತ್ತಿತ್ತು. ಚಿತ್ರ ಬರೆಯುವುದು ಅದರ ಮೇಲೆ.

'ಕೊರಲೀನ್' ನನಗೆ ತುಂಬ ಇಷ್ಟ. ಬಣ್ಣದ ಮೇಲೆ ಸಾಸಿವೆಗಿಂತ ಸಣ್ಣ, ಬಣ್ಣವಿಲ್ಲದ ಗಾಜಿನ ಮಣಿಗಳನ್ನು ಹರಡಿ ಶಾಖದಲ್ಲಿ ಕೂಡಿಸಿರುತ್ತಾರೆ. ಬೆಳಕಿಗೆ ತಿರುಗಿಸಿದಾಗ ಐರಿಸ್ ಹೂವಿನ ಎಸಳು ಒದ್ದೆಯಾಗಿರುವಂತೆ ಕಾಣುತ್ತದೆ. ಇದರ ಪೇಟೆಂಟ್ ಪಡೆದದ್ದು ಯೊಕೊಹಾಮಾದಲ್ಲಿ ನೆಲೆಸಿದ್ದ ಆಲ್ಬನ್ ರಾಕ್ ಎಂಬ ಅಮೆರಿಕದವರು. ಎಷ್ಟೋ ಕೊರಲೀನ್ ಹೂದಾನಿಗಳ ತಳದಲ್ಲಿ ಅಮೆರಿಕದ ಪೇಟೆಂಟ್ ಸಂಖ್ಯೆ 912171, ಜೊತೆಗೆ 9 ಫೆಬ್ರವರಿ 1909 ಎಂಬ ತಾರೀಕು ಇರುತ್ತದೆ. ಕೊರಲೀನ್ ಕೊಳ್ಳುವಾಗ ಮಣಿ ಉದುರಿದ ಬೋಳು ಜಾಗಗಳನ್ನು ಚೆನ್ನಾಗಿ ನೋಡಿ. ಕೆಲವರು ಗೋಂದು ಹಚ್ಚಿ ಹೊಸ ಮಣಿ ಅಂಟಿಸುತ್ತಾರೆ. ಮಣಿಗಳ ಬುಡದಲ್ಲಿ ಗೋಂದಿನ ಹಳದಿ ಕಂಡರೆ ಕೆಳಗಿಟ್ಟುಬಿಡಿ.

ಮೂರನೆಯದು: ಚಿನ್ನ

ನಿಪ್ಪಾನ್‌ನಲ್ಲಿ ಚಿನ್ನದ ಕೆಲಸ ಧಾರಾಳ. ಗಾಢ ಕೋಬಾಲ್ಟ್ ನೀಲಿಯ ಮೇಲೆ ಚಿನ್ನದ ಬಳ್ಳಿ, ಬಾಯಿಯ ಅಂಚಿಗೆ ಚಿನ್ನ, ಹಿಡಿಕೆಗೆ ಚಿನ್ನ. ಚಿನ್ನವನ್ನು ಹೊಳಪಿನ ಮೇಲೆ ಹಚ್ಚಿ, ಮೊದಲಿಗಿಂತ ತುಂಬ ಕಡಿಮೆ ಶಾಖದಲ್ಲಿ ಮತ್ತೆ ಸುಡುತ್ತಾರೆ. ಅದು ಮೈಗೆ ಬೆರೆತಿರುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಹಾಗಾಗಿ ನೂರು ವರ್ಷ ಕೈ ಮುಟ್ಟಿದ ಕಡೆ ಸವೆದಿರಲೇಬೇಕು. ಎಲ್ಲಿ ಸವೆದಿದೆ ಅನ್ನುವುದು ಮುಖ್ಯ. ಹಿಡಿಕೆಯ ಹೊರಬದಿ, ಬಾಯಿಯ ಅಂಚು, ಹೊಟ್ಟೆಯ ಉಬ್ಬಿದ ಭಾಗ, ಅಂದರೆ ಕೈಯೂ ಬಟ್ಟೆಯೂ ತಾಗುವ ಕಡೆ ಸವೆತ ಸಹಜ. ಹಿಡಿಕೆಯ ಒಳಸಂದಿಯಲ್ಲಿ ಚಿನ್ನ ಹೋಗಿ ಹೊರಗೆ ಮಿರಮಿರ ಮಿಂಚುತ್ತಿದ್ದರೆ ಯಾರೋ ಮತ್ತೆ ಹಚ್ಚಿದ್ದಾರೆ.

ಹಳೆ ಚಿನ್ನದ ಬಣ್ಣ ಸ್ವಲ್ಪ ಮಂಕು, ಬೆಚ್ಚಗೆ. ನಕಲಿಗಳಲ್ಲಿ ಒಂದೋ ಕಣ್ಣು ಕುಕ್ಕುವ ಹೊಳಪು, ಇಲ್ಲವೇ ಸಾಸಿವೆ ಹಳದಿ. ಸಣ್ಣ ಚಿನ್ನದ ಚುಕ್ಕಿಗಳ ಸಾಲು ಇದ್ದರೆ ಅದನ್ನು ನಿಧಾನವಾಗಿ ನೋಡಿ. ಕೆಲಸಗಾರರು ಒಂದೊಂದೇ ಚುಕ್ಕಿ ಇಟ್ಟು ಹೋಗಿದ್ದಾರೆ. ಒಂದು ತುಸು ದೊಡ್ಡದು, ಒಂದು ತುಸು ಪಕ್ಕಕ್ಕೆ. ಸಾಲು ಸುತ್ತಿ ಬಂದು ಸೇರುವ ಕಡೆ ಜಾಗ ಸಾಲದೆ ಎರಡು ಚುಕ್ಕಿಗಳನ್ನು ಹತ್ತಿರ ಇಟ್ಟಿರುವುದೂ ಉಂಟು. ನೂರು ವರ್ಷದ ಹಿಂದೆ ಯಾರೋ ಕೂತು ಮಾಡಿದ ಲೆಕ್ಕ ಅದು. ಅಲ್ಲಿ ಕಣ್ಣು ಇಟ್ಟರೆ ತೆಗೆಯಲು ಮನಸ್ಸೇ ಬರುವುದಿಲ್ಲ.

ನಾಲ್ಕನೆಯದು: ಒಡಕು, ಬಿರುಕು, ರಿಪೇರಿ

ಹೂದಾನಿಯನ್ನು ಅಂಗೈ ಮೇಲೆ ಸಡಿಲವಾಗಿ ನಿಲ್ಲಿಸಿ, ಇನ್ನೊಂದು ಕೈಯಿಂದ ಆಸರೆ ಹತ್ತಿರವೇ ಇಟ್ಟುಕೊಂಡು, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ತಟ್ಟಿ. ಗಟ್ಟಿ ಹೂದಾನಿ ಟಿಣ್ ಅನ್ನುತ್ತದೆ, ನಾದ ಒಂದು ಕ್ಷಣ ಉಳಿಯುತ್ತದೆ. ಬಿರುಕಿದ್ದರೆ ಒಡಕಲು ಸದ್ದು ಬರುತ್ತದೆ. ಸದ್ದು ಚೆನ್ನಾಗಿದೆ ಅಂದ ಮಾತ್ರಕ್ಕೆ ನೋಡುವುದನ್ನು ಬಿಡಬೇಡಿ, ಸಣ್ಣ ಬಿರುಕು ಸದ್ದಿಗೆ ಸಿಗದೆ ಹೋಗಬಹುದು. ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ಸುತ್ತ ತಿರುಗಿಸಿ ನೋಡಿ, ಕೂದಲೆಳೆ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ.

ಈಗ ಅಂಗಡಿಯವರ ಅನುಮತಿ ಕೇಳಿ, ಸ್ವಲ್ಪ ಕತ್ತಲಿರುವ ಮೂಲೆಗೆ ಹೋಗಿ ಯುವಿ ಟಾರ್ಚ್ ಹಾಕಿ. ರಿಪೇರಿಗೆ ಬಳಸಿದ ಅಂಟು, ಪೇಂಟುಗಳು ಸಾಮಾನ್ಯವಾಗಿ ಸುತ್ತಲಿನ ಪಿಂಗಾಣಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. ಹಿಡಿಕೆ ಮೈಗೆ ಕೂಡುವ ಜಾಗ, ಕತ್ತು, ಬಾಯಿಯ ಅಂಚು, ಈ ಮೂರನ್ನು ಬಿಡಲೇಬೇಡಿ. ಅನುಮಾನ ಬಂದ ಜಾಗವನ್ನು ತುಟಿಗೆ ಅಥವಾ ಕೆನ್ನೆಗೆ ತಾಗಿಸಿ ನೋಡುವ ಅಭ್ಯಾಸ ಹಳಬರಲ್ಲಿದೆ. ಪಿಂಗಾಣಿ ತಣ್ಣಗೆ, ಪೇಂಟ್ ಅಷ್ಟು ತಣ್ಣಗಿರುವುದಿಲ್ಲ.

ಇನ್ನೊಂದು ವಿಷಯ, ಹೊಸಬರು ಗಮನಿಸದೇ ಹೋಗುವುದು: ತಳದ ತೂತು. ಹಿಂದೆ ಎಷ್ಟೋ ಹೂದಾನಿಗಳ ತಳ ಕೊರೆದು, ವೈರ್ ಹಾಕಿ, ಟೇಬಲ್ ಲ್ಯಾಂಪ್ ಮಾಡಿದ್ದಾರೆ. ಆಮೇಲೆ ವೈರ್ ಕಿತ್ತು ತೂತು ಮುಚ್ಚಿ ಹೂದಾನಿ ಅಂತ ಮಾರುತ್ತಾರೆ. ಕಾರ್ಖಾನೆಯಲ್ಲೇ ಲ್ಯಾಂಪಿಗಾಗಿ ಮಾಡಿದ್ದರೆ ತೂತಿನ ಅಂಚಿನ ಮೇಲೂ ಹೊಳಪು ಹರಿದಿರಬಹುದು. ಆಮೇಲೆ ಕೊರೆದದ್ದಾದರೆ ಅಂಚು ಹಸಿಹಸಿ ಬಿಳಿ, ಸುತ್ತ ಸಣ್ಣ ಚೆಕ್ಕೆ ಎದ್ದಿರುತ್ತದೆ. ಕೊರೆದ ಹೂದಾನಿಯ ಬೆಲೆ ತುಂಬ ಇಳಿಯುತ್ತದೆ. ಚಿತ್ರ ತುಂಬ ಚೆನ್ನಾಗಿದ್ದು, ಮನೆಯಲ್ಲಿ ನೋಡಿ ಖುಷಿಪಡಲು ಸಾಕು ಅನ್ನುವವರು ಕಡಿಮೆ ಬೆಲೆಗೆ ಧಾರಾಳವಾಗಿ ಕೊಳ್ಳಬಹುದು. ಆದರೆ ತಿಳಿದು ಕೊಳ್ಳಿ.

ಕೊನೆಗೆ: ಮುದ್ರೆ

ಮೇಲಿನ ನಾಲ್ಕರಲ್ಲೂ ಹೂದಾನಿ ಪಾಸಾದರೆ ಈಗ ತಿರುಗಿಸಿ. ಅತಿ ಹೆಚ್ಚು ಕಾಣುವ ಮುದ್ರೆ ಎಲೆಗಳ ಹಾರದ ನಡುವೆ ಇಂಗ್ಲಿಷಿನ 'ಎಮ್' ಅಕ್ಷರ. ಅದು ಮೊರಿಮುರಾ ಹೆಸರಿನ ಮೊದಲ ಅಕ್ಷರ. ಸುತ್ತ 'ಹ್ಯಾಂಡ್ ಪೇಂಟೆಡ್', ಕೆಳಗೆ 'ನಿಪ್ಪಾನ್' ಅಂತ ಇರುತ್ತದೆ. ಹಸಿರು, ನೀಲಿ, ಕಡುಗುಲಾಬಿ, ಹೀಗೆ ಬೇರೆ ಬೇರೆ ಬಣ್ಣಗಳಲ್ಲಿ ಸಿಗುತ್ತದೆ. ಇದರ ನಕಲುಗಳಲ್ಲಿ ಎರಡು ತಪ್ಪುಗಳು ಪ್ರಸಿದ್ಧ. ಅಸಲಿಯಲ್ಲಿ ಹಾರದ ತೆರೆದ ಬಾಯಿ ಮೇಲಕ್ಕಿರುತ್ತದೆ, ಒಂದು ಬಗೆಯ ನಕಲಿನಲ್ಲಿ ಹಾರ ತಲೆಕೆಳಗು. ಇನ್ನೊಂದು ಬಗೆಯಲ್ಲಿ 'ಎಮ್' ಜಾಗದಲ್ಲಿ ಮರಳು ಗಡಿಯಾರದ ಆಕಾರ ಇರುತ್ತದೆ. ಮೇಪಲ್ ಎಲೆಯ ಮುದ್ರೆಯೂ ಇದೆ. ಅಸಲಿ ಎಲೆ ಸುಮಾರು ಕಾಲು ಇಂಚು ಅಗಲ, ನಕಲಿಯದ್ದು ಅದರ ಎರಡರಷ್ಟು. ಟೇಪು ಬೇಕಾಗುವುದು ಇಲ್ಲೇ. ಹೊಸ ನಕಲುಗಳಲ್ಲಿ ಮುದ್ರೆ ತಿದ್ದಿಕೊಂಡು ಸರಿಯಾಗಿಯೇ ಬರುತ್ತಿದೆ. ಮುದ್ರೆ ಕೊನೆಗೆ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

'ಮೇಡ್ ಇನ್ ಜಪಾನ್' ಅಂತ ಇದ್ದರೆ ಸಾಮಾನ್ಯವಾಗಿ 1921ರ ನಂತರದ್ದು. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಯುದ್ಧದ ನಂತರ, 1952ರವರೆಗಿನ ಅಮೆರಿಕದ ಹಿಡಿತದ ವರ್ಷಗಳದ್ದು. ಆ ಕಾಲದ ಒಂದು ಸಂಗತಿ ನನಗೆ ಬಹಳ ಮೆಚ್ಚುಗೆ. ಯುದ್ಧದಿಂದ ಒಳ್ಳೆ ಕಚ್ಚಾಮಾಲು ಸಿಗದೆ ಗುಣಮಟ್ಟ ಇಳಿದಾಗ ನೊರಿಟಾಕೆ ಕಂಪನಿ ಕೆಲವು ವರ್ಷ ತನ್ನ ಹೆಸರು ಹಾಕಲು ಒಪ್ಪದೆ 'ರೋಸ್ ಚೈನಾ' ಅಂತ ಬೇರೆ ಮುದ್ರೆ ಹಾಕಿತು. 1953ರಿಂದ ಹಾರದ ನಡುವೆ 'ಎಮ್' ಬದಲು 'ಎನ್' ಬಂತು. ಹಾಗಾಗಿ 'ಎನ್' ಇರುವ ಹೂದಾನಿಗೆ ನೂರು ವರ್ಷ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮುದ್ರೆಯೇ ಇಲ್ಲದಿದ್ದರೆ? ಅಮೆರಿಕದ ಕಾಯ್ದೆ ಅಮೆರಿಕಕ್ಕೆ ಹೋದ ಮಾಲಿಗೆ ಮಾತ್ರ. ಜಪಾನಿನಲ್ಲೇ ಮಾರಾಟವಾದ, ಬೇರೆ ದೇಶಗಳಿಗೆ ಹೋದ, 1891ಕ್ಕಿಂತ ಮುಂಚಿನ ಹೂದಾನಿಗಳಲ್ಲಿ ಅದು ಇರಬೇಕಿಲ್ಲ. ನಮ್ಮ ಕಡೆ ಹಳೆ ಮನೆಗಳಿಂದ ಬರುವ ಜಪಾನಿ ಹೂದಾನಿಗಳನ್ನು ಮುದ್ರೆ ಇಲ್ಲ ಅಂತ ತಳ್ಳಿಹಾಕುವುದು ಅನ್ಯಾಯ.

ಎಲ್ಲಿ ಹುಡುಕುವುದು, ಕಾನೂನು ಏನು

ಮುಂಬೈನ ಚೋರ್ ಬಜಾರ್, ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳು, ಕೊಚ್ಚಿಯ ಜ್ಯೂ ಟೌನ್ ಸುತ್ತಿ ಬನ್ನಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಸುಲಭ. ಇವು ಅಲ್ಲಿಗೇ ಹೋದ ಮಾಲು, ಮನೆ ಖಾಲಿ ಮಾಡುವಾಗ ನಡೆಯುವ ಎಸ್ಟೇಟ್ ಸೇಲ್‌ಗಳಲ್ಲಿ ಸಿಗುತ್ತವೆ. ಕೊಳ್ಳುವ ಮುಂಚೆ ಕಣ್ಣು ಪಳಗಿಸಿಕೊಳ್ಳಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಜಪಾನಿ ವಿಭಾಗದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ.

ಭಾರತದಲ್ಲಿ ಕೊಂಡದ್ದನ್ನು ವಿದೇಶಕ್ಕೆ ಒಯ್ಯುವ ಯೋಚನೆ ಇದ್ದರೆ ಎಚ್ಚರ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಪ್ಪಾನ್ ಮುದ್ರೆ 1921ಕ್ಕೇ ನಿಂತಿರುವುದರಿಂದ ಇವೆಲ್ಲ ಈಗ ನೂರು ದಾಟಿವೆ. ಅದಕ್ಕಿಂತ ಈಚಿನ ಹೂದಾನಿಯಾದರೂ ನೋಡಲು ಹಳೆಯದಾಗಿದ್ದರೆ, ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದುಕೊಳ್ಳಿ.

ಮನೆಗೆ ತಂದ ಮೇಲೆ

ಹುಣಸೆಹಣ್ಣು, ಸಬೀನಾ, ಬ್ಲೀಚ್, ಸ್ಕ್ರಬ್ಬರ್, ಯಾವುದೂ ಹತ್ತಿರ ಬರಬಾರದು. ಚಿನ್ನ ಒಂದೇ ಉಜ್ಜಿಗೆ ಹೋಗಬಹುದು. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ದಪ್ಪ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕೊರಲೀನ್, ಮೊರಿಯಾಗೆ ಅಥವಾ ರಿಪೇರಿ ಆದ ಹೂದಾನಿಯನ್ನು ನೀರಿನಲ್ಲಿ ಮುಳುಗಿಸಬೇಡಿ, ಒಣ ಮೆತ್ತನೆ ಕುಂಚದಿಂದ ಧೂಳು ತೆಗೆದರೆ ಸಾಕು.

ಹೂವು ಇಡುವ ಆಸೆಯಿದ್ದರೆ ಒಳಗೊಂದು ಗಾಜಿನ ಲೋಟ ಇಟ್ಟು ಅದಕ್ಕೆ ನೀರು ಹಾಕಿ. ಉದ್ದ ಕತ್ತಿನ, ಸಣ್ಣ ತಳದ ಹೂದಾನಿಯೊಳಗೆ ಜಿಪ್ ಚೀಲದಲ್ಲಿ ಒಣ ಮರಳು ತುಂಬಿ ಇಳಿಸಿದರೆ ಫ್ಯಾನಿನ ಗಾಳಿಗೆ, ಬೆಕ್ಕಿನ ಬಾಲಕ್ಕೆ ಉರುಳುವುದಿಲ್ಲ. ಮುರಿದರೆ ಅಂಗಡಿಯಲ್ಲಿ ಸಿಗುವ ಕ್ಷಣದಲ್ಲಿ ಅಂಟುವ ಗೋಂದು ಹಾಕಬೇಡಿ. ಚೂರುಗಳನ್ನು ಬೇರೆ ಬೇರೆ ಟಿಶ್ಯೂ ಕಾಗದದಲ್ಲಿ ಸುತ್ತಿ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ. ಅವರು ಪ್ಯಾರಲಾಯ್ಡ್ ಬಿ-72ರಂಥ, ಬೇಕಾದಾಗ ಕರಗಿಸಿ ಬಿಡಿಸಬಹುದಾದ ಅಂಟು ಬಳಸುತ್ತಾರೆ.

ಪ್ರತಿ ಹೂದಾನಿಗೂ ಒಂದು ಹಾಳೆ ಇಟ್ಟುಕೊಳ್ಳಿ. ಎತ್ತರ, ಬಾಯಿಯ ಅಗಲ, ಎಲ್ಲಿ ಎಷ್ಟಕ್ಕೆ ಕೊಂಡದ್ದು, ರಸೀದಿ, ನಾಲ್ಕೂ ಬದಿಯ ಫೋಟೋ, ತಳದ ಫೋಟೋ, ಕೊಂಡ ದಿನ ಇದ್ದ ಬಿರುಕು ಚೆಕ್ಕೆಗಳ ಪಟ್ಟಿ. ಮುಂದೆ ಮಾರುವಾಗ, ವಿಮೆ ಮಾಡಿಸುವಾಗ, ಮಕ್ಕಳಿಗೆ ಕೊಡುವಾಗ ಕೇಳುವುದು ಈ ಹಾಳೆಯನ್ನೇ.